ಸೇತುವೆಯ ಬುಡದ ಬಿಳಿ ಗೆರೆ

ಮೊದಲ ಮಹಡಿಯ ಕಿಟಕಿ ತೆರೆದಿದೆ. ಕಿಟಕಿಗೆ ಓರೆಯಾಗಿ ಎತ್ತರದ ಬೆನ್ನಿನ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕ. ಅವನ ಕೊರಳಿನಿಂದ ಅಳತೆಯ ಟೇಪು ಎರಡೂ ಕಡೆಗೆ ಸಮವಾಗಿ ಇಳಿಬಿದ್ದಿದೆ. ಅಂಚು ಸವೆದು ಅದರ ಮೊದಲ ಮೂರು ಅಂಗುಲಗಳ ಅಂಕಿ ಅಳಿಸಿಹೋಗಿದೆ. ತೊಡೆಯ ಮೇಲೆ ಬೂದು ಬಣ್ಣದ ಕೋಟು, ಅದರ ತೋಳಿನಲ್ಲಿ ಅರ್ಧ ಹೊಲಿದ ಗುಂಡಿಕಾಜ, ಕಾಜದ ತುದಿಗೆ ಚುಚ್ಚಿ ನಿಲ್ಲಿಸಿದ ಸೂಜಿ. ಸೂಜಿಯ ದಾರ ಬೆಳಕಿಗೆ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ತಣ್ಣಗಾದ ಚಹಾದ ಲೋಟ. ಲೋಟದ ಪಕ್ಕ, ಬಳಸಿ ಬಳಸಿ ಸೋಪಿನ ಚೂರಿನಂತಾದ ದರ್ಜಿಯ ಸೀಮೆಸುಣ್ಣ. ಕೆಳಗೆ ರಸ್ತೆ. ಎಡಕ್ಕೆ, ಸೇತುವೆ ಮುಗಿಯುವಲ್ಲಿ, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಮೊಳ ಅಗಲದ ಬಿಳಿ ಗೆರೆ. ಗೆರೆಯ ನೇರಕ್ಕೆ ಕಂಬ. ಕಂಬದ ತುದಿಯಲ್ಲಿ ಕತ್ತು ಬಗ್ಗಿಸಿದ ಕ್ಯಾಮೆರಾ. ಬಲಕ್ಕೆ, ಕಟ್ಟಡದ ಅಂಗಳದ ಗೇಟು ದಾಟಿದ ಮೇಲೆ, ಸುತ್ತಲ ಡಾಂಬರು ಬಿರಿದ ಒಂದು ಕಬ್ಬಿಣದ ಮುಚ್ಚಳ. ಮುದುಕನ ಕಣ್ಣು ಇವೆರಡರ ನಡುವೆ ಎಲ್ಲೋ ಇದೆ. ಏನೂ ಅಲುಗುವುದಿಲ್ಲ.

ರಾತ್ರಿಯ ಕೆಲಸ ಮುಗಿಸಿ ಬೆಳಿಗ್ಗೆ ನೇರ ಬಂದಿದ್ದ ಗೆರೆಯವನು ಬಾಗಿಲಲ್ಲೇ ನಿಂತು ಈ ಚಿತ್ರದಲ್ಲಿ ಕೋಣೆಯಷ್ಟನ್ನು ನೋಡಿದ. ರಸ್ತೆಗಳಿಗೆ ಗೆರೆ ಬಳಿಯುವುದು ಅವನ ಕಸುಬು. ಮೂವತ್ತೊಂದು ವರ್ಷ ಬಗ್ಗಿ ಬಗ್ಗಿ ಈಗ ನೆಟ್ಟಗೆ ನಿಂತರೂ ಏನನ್ನೋ ಹೆಕ್ಕಲು ಹೊರಟವನಂತೆ ಕಾಣುತ್ತಿದ್ದ. ಕುರ್ಚಿಯಲ್ಲಿದ್ದವನು ಅವನ ಅಣ್ಣ, ಒಂದು ಕಾಲದಲ್ಲಿ ಈ ಪೇಟೆಯ ಹೆಸರಾಂತ ದರ್ಜಿ. ಬೆನ್ನಹುರಿಯ ಕಾಯಿಲೆ ಐದು ವರ್ಷದ ಹಿಂದೆ ಅವನ ಕಾಲುಗಳನ್ನು ಕೊಂಡೊಯ್ದು ಕೈಗಳನ್ನು ಬಿಟ್ಟುಹೋಗಿತ್ತು.

"ಬಾರಪ್ಪ ಗೆರೆರಾಯ," ಎಂದ ಅಣ್ಣ, ತಿರುಗದೆಯೇ. "ಟಿಕೆಟ್ ತಗೊಂಡ್ಯಾ?"

"ನಡ್ಕೊಂಡು ಬರೋರಿಗೆ ಟಿಕೆಟ್ ಎಲ್ಲಿದೆ, ಅಣ್ಣ."

"ಬರುತ್ತೆ ಬಿಡು. ನಾಳೆ ಕಾಲಿಗೂ ನಂಬರ್ ಪ್ಲೇಟು ಹಾಕ್ತಾರೆ. ನಾನೊಬ್ಬ ಬಚಾವು."

ಬಚ್ಚಲಿನಿಂದ ತಂಗಿ ಹೊರಬಂದಳು. ಮೊಣಕೈವರೆಗೆ ಒದ್ದೆ, ಕೈಯಲ್ಲಿ ಹಿಂಡಿದ ಹಾಸಿಗೆಯ ಬಟ್ಟೆ. ಅವಳು ಆಸ್ಪತ್ರೆಯೊಂದರ ವಾರ್ಡಿನಲ್ಲಿ ಸಹಾಯಕಿ. ಮಲಗಿದವರನ್ನು ಎಬ್ಬಿಸುವುದು, ಕೂತವರನ್ನು ಮಲಗಿಸುವುದು ಅವಳ ವಿದ್ಯೆ. ಗೆರೆಯವನ ಕಡೆಗೆ ನೋಡದೆ ಗೋಡೆಯ ಗಡಿಯಾರದ ಕಡೆಗೆ ನೋಡಿದಳು.

"ಆರು ಐವತ್ತು. ಇನ್ನು ಹತ್ತು ನಿಮಿಷಕ್ಕೆ ಆ ಕಂಬಕ್ಕೆ ಕಣ್ಣು ಬರುತ್ತೆ. ಬಂದವನು ಒಳಗಾದ್ರೂ ಬಾ, ಹೊಸಲ ಮೇಲೆ ನಿಂತು ಫೋಟೋ ತೆಗೀಬೇಡ."

ಬೆಳಗಿನ ಏಳರಿಂದ ಸಂಜೆಯ ಏಳರವರೆಗೆ ನಡುಪೇಟೆಯೊಳಗೆ ಓಡುವ ಪ್ರತಿ ವಾಹನಕ್ಕೂ ಸುಂಕವೆಂದು ನಗರಸಭೆ ಗೊತ್ತುಮಾಡಿ ಎಂಟು ತಿಂಗಳಾಗಿತ್ತು. ಬೀದಿ ಹಗುರಾಗಿತ್ತು, ಅದು ಸುಳ್ಳಲ್ಲ. ಕಿಟಕಿಯ ಗಾಜು ವಾರಕ್ಕೊಮ್ಮೆ ಒರೆಸಿದರೆ ಸಾಕಾಗುತ್ತಿತ್ತು; ಎದುರುಮನೆಯ ಕೂಸಿನ ಕೆಮ್ಮು ನಿಂತಿತ್ತು. ಆದರೆ ಸುಂಕದ ಮೊದಲು ತಂಗಿ ದಿನಕ್ಕೆ ಮೂರು ಸಲ ಸೇತುವೆಯಾಚೆಯಿಂದ ತನ್ನ ಹಳೆಯ ಕಾರಿನಲ್ಲಿ ಬರುತ್ತಿದ್ದಳು: ಬೆಳಿಗ್ಗೆ ಅಣ್ಣನನ್ನು ಕುರ್ಚಿಗೆ ಕೂರಿಸಲು, ಮಧ್ಯಾಹ್ನ ಒಂದು ಗಂಟೆ ಮಲಗಿಸಿ ಬೆನ್ನಿಗೆ ಬಿಡುವು ಕೊಡಲು, ಸಂಜೆ ಮತ್ತೆ ಹಾಸಿಗೆಗೆ ಸೇರಿಸಲು. ಸುಂಕ ಬಂದ ಮೇಲೆ ಎರಡು ತಿಂಗಳು ಮಧ್ಯಾಹ್ನದ ಭೇಟಿಗೆ ಹಣ ತೆತ್ತಳು. ಮೂರನೆಯ ತಿಂಗಳು ಕೈಚೆಲ್ಲಿದಳು. ರೋಗಿಯ ವಾಹನಕ್ಕೆ ವಿನಾಯಿತಿಯಿತ್ತು, ರೋಗಿಯನ್ನು ಎತ್ತಲು ಬರುವವಳ ವಾಹನಕ್ಕಿರಲಿಲ್ಲ. ಬಸ್ಸಿನಲ್ಲಿ ಬಂದುಹೋಗಲು ಅವಳ ಊಟದ ಬಿಡುವು ಸಾಲುತ್ತಿರಲಿಲ್ಲ. ಸೇತುವೆಯಾಚೆ ಕಾರು ನಿಲ್ಲಿಸಿ ನಡೆದು ಬರೋಣವೆಂದರೆ ಅಲ್ಲಿ ಮುಕ್ಕಾಲು ಮೈಲಿ ಉದ್ದಕ್ಕೂ, ನಿಲ್ಲಿಸಬಾರದೆಂಬ ಹಳದಿ ಗೆರೆ. ಅದನ್ನು ಬಳಿದವನೂ ಗೆರೆಯವನೇ.

ಹೀಗಾಗಿ ಅಣ್ಣ ಬೆಳಗಿನ ಏಳಕ್ಕೆ ಮೊದಲು ಕುರ್ಚಿಯಲ್ಲಿ ಕೂತರೆ ಸಂಜೆ ಏಳು ಕಳೆಯುವವರೆಗೆ ಕೂತೇ ಇರುತ್ತಿದ್ದ. ಕಾರಿನಲ್ಲಿ ಬಂದು ಬಟ್ಟೆ ಕೊಡುತ್ತಿದ್ದ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಉದುರಿಹೋಗಿದ್ದರು. ತೊಡೆಯ ಮೇಲಿನ ಬೂದು ಕೋಟು ಅವನದೇ. ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದ.

"ನಿನ್ನೆ ಡಾಕ್ಟರು ನೋಡಿದ್ರು," ಎಂದಳು ತಂಗಿ, ಬಟ್ಟೆಯನ್ನು ಹಗ್ಗಕ್ಕೆ ಎಸೆಯುತ್ತ. "ಸೊಂಟದ ಕೆಳಗಿನ ಹುಣ್ಣು ಮೂಳೆ ಮುಟ್ಟೋದಕ್ಕೆ ಬಂದಿದೆಯಂತೆ. ಮಧ್ಯಾಹ್ನ ಮಲಗಿಸ್ಲೇಬೇಕು, ಇಲ್ಲಾಂದ್ರೆ ಈ ಮನೆ ಬಿಡಿಸಿ ಅಂದ್ರು. ಊರಾಚೆ ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಇದೆ. ಶುಕ್ರವಾರದೊಳಗೆ ಹೂಂ ಅನ್ಬೇಕು."

"ನಾನು ಹೂಂ ಅನ್ನಲ್ಲ," ಎಂದ ಅಣ್ಣ.

"ನಿನ್ನನ್ನ ಯಾರೂ ಕೇಳ್ತಿಲ್ಲ, ನಿನ್ನ ಹುಣ್ಣನ್ನ ಕೇಳ್ತಿದಾರೆ."

"ಅಲ್ಲಿ ಕಿಟಕಿ ಇದೆಯಾ?"

"ಇದೆ. ಗೋಡೆಗೆ ತೆರೆಯುತ್ತೆ." ಅವಳು ಕಾರಿನ ಕೀಲಿಗಾಗಿ ಚೀಲ ತಡಕಿದಳು. ತಡಕುತ್ತಲೇ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದಳು. "ಇಪ್ಪತ್ತೆರಡು ಹೆಜ್ಜೆ. ಮೊನ್ನೆ ಎಣಿಸ್ದೆ. ನಮ್ಮ ಗೇಟಿನಿಂದ ಆ ದರಿದ್ರ ಗೆರೆಗೆ ಇಪ್ಪತ್ತೆರಡೇ ಹೆಜ್ಜೆ. ಅದನ್ನ ಗೇಟಿನ ಆಚೆ ಎಳೆದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು? ಆ ನಕ್ಷೆ ಬರೆದವನ ಕೈಗೆ ಹುಳ ಬೀಳ!"

ಅಣ್ಣ ಕೋಟಿನ ಸೂಜಿಯನ್ನು ಕಿತ್ತು ಮತ್ತೆ ಅದೇ ತೂತಿಗೆ ಚುಚ್ಚಿದ. ತಂಗಿ ಬಾಗಿಲನ್ನು ಎರಡು ಸಲ ಎಳೆದುಕೊಂಡು ಹೋದಳು. ಉಬ್ಬಿದ ಆ ಬಾಗಿಲು ಒಂದೇ ಎಳೆತಕ್ಕೆ ಎಂದೂ ಮುಚ್ಚಿಕೊಂಡದ್ದಿಲ್ಲ.

ನಕ್ಷೆ ಬರೆದವನ ಕೈ ನಿರಪರಾಧಿಯಾಗಿತ್ತು. ನಕ್ಷೆಯಲ್ಲಿ ಗೆರೆಯಿದ್ದದ್ದು ಗೇಟಿನ ಆಚೆ, ಆ ಕಬ್ಬಿಣದ ಮುಚ್ಚಳದ ಮೇಲೆ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ನಸುಕಿನಲ್ಲಿ ಗೆರೆಯವನು ತನ್ನ ನಾಲ್ವರು ಆಳುಗಳೊಂದಿಗೆ ಅಲ್ಲೇ ಮೊದಲು ಗುರುತಿಗೆಂದು ಸುಣ್ಣದ ದಾರ ಹಿಡಿದಿದ್ದ. ದಾರ ಹಿಡಿದಾಗ ಅವನಿಗೆ ಕಂಡದ್ದು ಬಿರಿದ ಡಾಂಬರು. ಕಾಯಿಸಿದ ಬಣ್ಣ ಕಬ್ಬಿಣಕ್ಕೆ ಕಚ್ಚಿಕೊಳ್ಳುವುದಿಲ್ಲ; ಒಂದು ಮಳೆ, ನೂರು ಚಕ್ರ, ಅಷ್ಟಕ್ಕೇ ಗೆರೆ ಹಲ್ಲುದುರಿದ ಬಾಯಂತಾಗುತ್ತದೆ. ಹುಡುಗನಾಗಿದ್ದಾಗ ಅಣ್ಣನ ಕತ್ತರಿ ಮೇಜಿನ ಪಕ್ಕ ನಿಂತು ಅವನು ಕಲಿತದ್ದು ಒಂದು ಪಾಠ. ಬಟ್ಟೆಯಲ್ಲಿ ದೋಷ ಕಂಡರೆ ದರ್ಜಿ ಗೆರೆಯನ್ನು ಕೊಂಚ ಪಕ್ಕಕ್ಕೆ ಸರಿಸುತ್ತಾನೆ. ದೋಷದ ಮೇಲೆಯೇ ಗೆರೆ ಹಾಯಿಸಿ ಉಡುಪು ಕೆಡಿಸುವುದಿಲ್ಲ. ಅಣ್ಣ ಆ ಸೀಮೆಸುಣ್ಣವನ್ನು ಅವನ ಬೆರಳಿಗೆ ಕೊಟ್ಟು, ಬೆರಳಿನ ಮೇಲೆ ತನ್ನ ಬೆರಳಿಟ್ಟು, ಹೀಗೆ ಸರಿಸುವುದನ್ನು ಕಲಿಸಿದ್ದ. ಗೆರೆಯವನು ಸರಿಸಿದ. ಸೇತುವೆಯ ಬುಡದಲ್ಲಿ ಹೊಸದಾಗಿ ಹಾಸಿದ, ರೇಷ್ಮೆಯಂಥ ಡಾಂಬರಿತ್ತು. ಅಲ್ಲಿ ಎಳೆದ. ಬಣ್ಣವೆಂದರೆ ಬರೀ ಗುರುತು, ಸುಂಕ ಹಿಡಿಯುವುದು ಕ್ಯಾಮೆರಾ, ಕ್ಯಾಮೆರಾ ನೆಡುವವರ ಬಳಿ ಅವರದೇ ನಕ್ಷೆ ಇದ್ದೀತು ಎಂದುಕೊಂಡ.

ವಾರದ ನಂತರ ಬಂದ ಕ್ಯಾಮೆರಾದವರು ನಕ್ಷೆ ಬಿಚ್ಚಲಿಲ್ಲ. ಗೆರೆ ಕಣ್ಣೆದುರಿಗೇ ಇತ್ತು. ಗೆರೆಯ ನೇರಕ್ಕೆ ಗುಂಡಿ ತೋಡಿದರು, ಕಂಬ ನೆಟ್ಟರು.

ಅಂದೇ ಹೇಳಬಹುದಿತ್ತು. ನಾಳೆ ಹೇಳೋಣವೆಂದುಕೊಂಡ. ಹೇಳಿದರೆ ಗುತ್ತಿಗೆ ಹೋಗುತ್ತದೆ, ನಾಲ್ವರು ಆಳುಗಳ ಅನ್ನ ಹೋಗುತ್ತದೆ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಅದು ಅರ್ಧ ನಿಜ. ಉಳಿದರ್ಧವನ್ನು ಅವನು ಯಾರೆದುರೂ ಆಡಲಾರದವನಾಗಿದ್ದ. ತಪ್ಪಿದ ಗೆರೆಯನ್ನು ಉಜ್ಜಿ ತೆಗೆಯುವ ಯಂತ್ರವೊಂದಿದೆ. ಹಲ್ಲುಗಳಿರುವ ಚಕ್ರ ರಸ್ತೆಯ ಚರ್ಮವನ್ನು ಹೆರೆದು ಬಣ್ಣವನ್ನು ಪುಡಿಮಾಡಿ ಉಗುಳುತ್ತದೆ. ಆ ಗೆರೆ ಅವನ ಜೀವಮಾನದಲ್ಲೇ ಅತ್ಯಂತ ನೇರವಾಗಿ ಬಂದ ಗೆರೆ. ಅದರ ಮೇಲೆ ಆ ಚಕ್ರ ಓಡುವುದನ್ನು ನೆನೆದರೆ ಅವನು ನಗರಸಭೆಯ ಹಾದಿ ಬಿಟ್ಟು ಬೇರೆ ಬೀದಿ ಹಿಡಿಯುತ್ತಿದ್ದ. ನಾಳೆಗಳು ಹೀಗೆ ಎಂಟು ತಿಂಗಳಾದವು.

ಗುರುವಾರ ಬೆಳಿಗ್ಗೆ ಅವನು ಹಳೆಯ ಪೆಟ್ಟಿಗೆಯಿಂದ ನಕ್ಷೆಯನ್ನು ತೆಗೆದು, ಮೈಮೇಲಿನ ಕಿತ್ತಳೆ ಜಾಕೀಟನ್ನೂ ಬಿಚ್ಚದೆ, ನಗರಸಭೆಯ ನಕ್ಷೆ ವಿಭಾಗಕ್ಕೆ ಹೋದ. ಹಸಿರು ಚೌಕಟ್ಟಿನ ಕನ್ನಡಕದ ಗುಮಾಸ್ತೆಯೊಬ್ಬಳು ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನಾಲ್ಕು ವಸ್ತುಗಳನ್ನಿಟ್ಟಳು: ಪಂಚು, ಅಂಟಿನ ಸೀಸೆ, ತನ್ನ ಫೋನು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ.

"ಇದು ಹಳೇದು," ಎಂದಳು.

"ನಮಗೆ ಕೊಟ್ಟಿದ್ದು ಇದೇ, ಮೇಡಂ."

"ಕೊಟ್ಟಿದ್ದು ಇದೇ. ಕೆಲಸ ಮುಗಿದ ಮೇಲೆ ಅಳತೆಯವರು ಹೋಗಿ, ರಸ್ತೆ ಮೇಲೆ ಏನಿದೆಯೋ ಅದನ್ನೇ ನಕ್ಷೆಗೆ ಇಳಿಸಿದಾರೆ. ಈಗ ನಕ್ಷೆ ಅಂದ್ರೆ ಅದು."

"ಆದ್ರೆ ರಸ್ತೆ ಮೇಲಿರೋದು ತಪ್ಪು. ಬಳಿದವನು ನಾನು. ನಾನೇ ಹೇಳ್ತಿದೀನಲ್ಲ, ನಂದು ತಪ್ಪು ಅಂತ."

ಅವಳು ಕನ್ನಡಕವನ್ನು ಮೂಗಿನ ಮೇಲೆ ಸರಿಸಿ ಅವನನ್ನು ಮೊದಲ ಸಲ ಪೂರ್ತಿಯಾಗಿ ನೋಡಿದಳು. ಅವಳ ದನಿಯಲ್ಲಿ ಕರುಣೆಯೂ ಇತ್ತು. ಅದೇ ಇನ್ನಷ್ಟು ಚುಚ್ಚಿತು.

"ನಿಮ್ಮ ತಪ್ಪು ನಮ್ಮಲ್ಲಿ ಸರಿಹೋಗಿದೆ ರೀ. ಮೂರು ತಿಂಗಳು ಆಕ್ಷೇಪಣೆಗೆ ಟೈಮಿತ್ತು. ನೋಟೀಸು ಆ ಕಂಬಕ್ಕೇ ಅಂಟಿಸಿದ್ವಿ, ನೋಡ್ಲಿಲ್ವಾ?"

ನೋಡಿದ್ದ. ಎರಡು ಸಲ ಓದಿದ್ದ. ಮಳೆಗೆ ಅದರ ಒಂದು ಮೂಲೆ ಕಿತ್ತುಬಂದಾಗ ಹೆಬ್ಬೆರಳಿನಿಂದ ಒತ್ತಿ ಅಂಟಿಸಿಯೂ ಇದ್ದ.

"ಆವಾಗ ಯಾರಾದ್ರೂ ಒಬ್ರು ಒಂದು ಚೀಟಿ ಬರೆದುಹಾಕಿದ್ರೆ ಸಾಕಿತ್ತು. ವಾರದಲ್ಲಿ ಗೆರೆ ಆಚೆ ಹೋಗ್ತಿತ್ತು," ಎಂದಳು ಗುಮಾಸ್ತೆ. "ಒಬ್ರೂ ಬರೀಲಿಲ್ಲ. ಈಗ ರಾಜಪತ್ರದಲ್ಲಿ ಬಂದಾಯ್ತು. ಇನ್ನು ಐದು ವರ್ಷ ಯಾರೂ ಮುಟ್ಟಂಗಿಲ್ಲ." ಆಮೇಲೆ, ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಬೆರಳಿನಿಂದ ಗೋಡೆ ತೋರಿಸಿದಳು. "ಕೆಲಸ ಮಾತ್ರ ಚಿನ್ನದಂಥದ್ದು. ನೋಡಿ, ಮಾದರಿ ಅಂತ ಫೋಟೋ ಹಾಕಿದೀವಿ."

ಗೋಡೆಯ ಮೇಲೆ ಅವನ ಗೆರೆಯಿತ್ತು, ಚೌಕಟ್ಟಿನಲ್ಲಿ, ಒಂದು ಬಿರುಕೂ ಇಲ್ಲದೆ. ಫೋಟೋದ ಅಂಚಿನಲ್ಲಿ ಮೊದಲ ಮಹಡಿಯ ಒಂದು ಕಿಟಕಿ ಅರ್ಧ ಕತ್ತರಿಸಿಕೊಂಡು ನಿಂತಿತ್ತು.

ಆ ಸಂಜೆ ಏಳು ಹೊಡೆದು ಐದು ನಿಮಿಷಕ್ಕೆ ತಂಗಿಯ ಕಾರು ಅಂಗಳಕ್ಕೆ ಬಂತು. ಅವಳು ಮೆಟ್ಟಿಲೇರಿ ಬಂದು, ಚಪ್ಪಲಿ ಒದ್ದು, ಗೋಡೆಯ ಮೊಳೆಯಿಂದ ಅಗಲವಾದ ಪಟ್ಟಿಯನ್ನೆತ್ತಿ ಅಣ್ಣನ ಸೊಂಟಕ್ಕೆ ಬಿಗಿದಳು. ತನ್ನ ಮೊಣಕಾಲನ್ನು ಅವನ ಮೊಣಕಾಲುಗಳ ನಡುವೆ ಊರಿ, "ಒಂದು, ಎರಡು, ಹೂಂ," ಎಂದು ಎತ್ತಿ, ಅರ್ಧ ಸುತ್ತು ತಿರುಗಿಸಿ, ಹಾಸಿಗೆಯ ಅಂಚಿಗೆ ತಂದಳು. ಗೆರೆಯವನು ಒಮ್ಮೆ ಇದನ್ನು ಮಾಡಲು ಹೋಗಿ ಅಣ್ಣ ತಮ್ಮ ಇಬ್ಬರೂ ನೆಲಕಚ್ಚಿದ್ದರು; ಅಂದಿನಿಂದ ಅವನ ಕೆಲಸ ದಿಂಬು ಸರಿಸುವುದು. ದಿಂಬು ಸರಿಸಿದ. ಅಣ್ಣ ಪಕ್ಕಕ್ಕೆ ಹೊರಳಿದಾಗ ಹುಣ್ಣಿನ ಬಟ್ಟೆ ಕಾಣಿಸಿತು, ಮಧ್ಯದಲ್ಲಿ ಹಳದಿಗಟ್ಟಿ.

"ಆ ಗೆರೆ ನಾನೇ ತಪ್ಪು ಜಾಗದಲ್ಲಿ ಬಳಿದದ್ದು," ಎಂದ ಗೆರೆಯವನು.

ತಂಗಿ ಹತ್ತಿಯನ್ನು ಹರಿಯುತ್ತಿದ್ದಳು. ಹರಿಯುವುದನ್ನು ನಿಲ್ಲಿಸಲಿಲ್ಲ. ಅವನು ಎಲ್ಲವನ್ನೂ ಹೇಳಿದ: ಮುಚ್ಚಳ, ಬಿರಿದ ಡಾಂಬರು, ಸರಿಸಿದ್ದು, ಕಂಬ, ನೋಟೀಸು, ಬೆಳಿಗ್ಗೆ ನಗರಸಭೆಯಲ್ಲಿ ಆದದ್ದು. ಹೇಳುತ್ತ ಹೇಳುತ್ತ ತನ್ನ ದನಿ ಯಾರದೋ ಕೆಲಸದ ವರದಿ ಒಪ್ಪಿಸುವವನಂತೆ ಕೇಳುತ್ತಿದೆ ಎನಿಸಿತು. ಆದರೆ ಬೇರೆ ದನಿ ಅವನ ಬಳಿ ಇರಲಿಲ್ಲ.

"ಗೊತ್ತು," ಎಂದ ಅಣ್ಣ, ಗೋಡೆಯ ಕಡೆ ಮುಖ ಮಾಡಿ.

"ಏನು ಗೊತ್ತು?"

"ನೀನು ಮೊದಲು ಸುಣ್ಣದ ದಾರ ಹೊಡೆದದ್ದು ಆ ಮುಚ್ಚಳದ ಹತ್ರ. ಹಿಂದಿನ ರಾತ್ರಿ ಹಾಸಿಗೆ ಬೇಡ ಅಂದು ಕಿಟಕೀಲೇ ಕೂತಿದ್ದೆನಲ್ಲ, ನಿದ್ದೆ ಇಲ್ಲದ ಮುದುಕ. ಬಗ್ಗಿ ನೆಲ ಸವರಿದೆ, ತಲೆ ಅಲ್ಲಾಡಿಸ್ದೆ, ಈ ಕಡೆ ಬಂದೆ. ದೋಷ ನೋಡಿ ಸರಿಸ್ತಿದಾನೆ, ನನ್ನ ಕೈಯಲ್ಲಿ ಕಲಿತವನು ಅಂತ ಎದೆ ಉಬ್ಬಿತು. ಸಂಜೆ ನಿಂಗೆ ಏನಂದೆ, ನೆನಪಿದೆಯಾ? ಗೆರೆ ಚೆನ್ನಾಗಿ ಬಂದಿದೆ ಅಂದೆ."

"ಕ್ಯಾಮೆರಾ ನೆಟ್ಟ ಮೇಲಾದ್ರೂ ನೀನು..."

"ನೀನು ಹೇಳ್ತೀಯ ಅಂತ ಕಾದೆ. ನಾನು ಬಾಯಿ ಬಿಟ್ರೆ ನಿನ್ನ ಕೆಲಸ ಹೋಗುತ್ತೆ. ನೀನಾಗೇ ಹೇಳಿದ್ರೆ ಅದು ಬೇರೆ. ಮೊದಲ ತಿಂಗಳು ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನಿನ್ನ ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಕಾದೆ. ಆಮೇಲೆ ಕಾಯೋದೇ ನಂಗೊಂದು ಕೆಲಸ ಆಯ್ತು. ಬೇರೆ ಏನಿತ್ತು ಹೇಳು, ಗಿರಾಕಿಗಳೂ ಬರ್ತಿರಲಿಲ್ಲ." ಅವನು ಗೋಡೆಯ ಮೇಲೆ ಉಗುರಿನಿಂದ ಒಂದು ಗೆರೆ ಎಳೆದ. "ಇವತ್ತು ಹೇಳ್ದೆ. ಯಾವ ಪ್ರಯೋಜನಕ್ಕೂ ಬಾರದ ದಿನ ನೋಡಿ ಹೇಳ್ದೆ."

ತಂಗಿ ಹುಣ್ಣಿಗೆ ಹೊಸ ಬಟ್ಟೆ ಕಟ್ಟಿ ಮುಗಿಸಿದಳು. ಅಂಚನ್ನು ಬೆರಳಿನಿಂದ ತೀಡಿ ಕೂರಿಸಿದಳು. ಕೈ ತೊಳೆದುಕೊಂಡು ಬಂದು, ಕುರ್ಚಿಯಲ್ಲಿ, ಅಣ್ಣನ ಕುರ್ಚಿಯಲ್ಲಿ, ಕೂತಳು. ಆ ಮನೆಯಲ್ಲಿ ಅವಳು ಕೂತದ್ದನ್ನು ಗೆರೆಯವನು ತಿಂಗಳುಗಳಿಂದ ನೋಡಿರಲಿಲ್ಲ.

"ಚೆನ್ನಾಗಿದೆ," ಎಂದಳು. "ಅಣ್ಣತಮ್ಮಂದಿರು ಇಬ್ರೂ ಗೆರೆ ನೆಟ್ಟಗಿದೆ ಅಂತ ಖುಷಿ ಪಟ್ಕೊಂಡು ಕೂತ್ರಿ. ಒಬ್ಬ ಬಳಿದು ಕೂತ, ಒಬ್ಬ ನೋಡಿ ಕೂತ. ನಾನು ಕತ್ತಲಲ್ಲಿ ಎದ್ದು, ಊಟ ಬಿಟ್ಟು, ಗಡಿಯಾರ ನೋಡ್ಕೊಂಡು ಓಡಿದೆ. ಒಂದು ಚೀಟಿ! ಒಂದೇ ಒಂದು ಚೀಟಿ ನಾನೇ ಬರೀತಿದ್ದೆನಲ್ಲೋ. ಹೇಳಿದ್ರೆ ನಾನೇ ಬರೀತಿದ್ದೆ, ನಿನ್ನ ಹೆಸರೂ ಹಾಕದೆ. ನಂಗೂ ಅಕ್ಷರ ಬರುತ್ತೆ ಅನ್ನೋದು ಮರೆತುಹೋಗಿತ್ತಾ ನಿಮ್ಮಿಬ್ರಿಗೂ?"

ಇಬ್ಬರಿಗೂ ಅದು ನಿಜಕ್ಕೂ ಹೊಳೆದಿರಲಿಲ್ಲ.

"ನಾಳೆ ಆ ಕೇಂದ್ರಕ್ಕೆ ಹೂಂ ಅಂತೀನಿ," ಎಂದಳು.

ಅಣ್ಣ ಗೋಡೆಯ ಕಡೆಗೇ ತಲೆಯಾಡಿಸಿದ.

ಶನಿವಾರ ಹನ್ನೊಂದರ ಬಿಸಿಲಿನಲ್ಲಿ ಆರೈಕೆ ಕೇಂದ್ರದ ವ್ಯಾನು ಸೇತುವೆ ಇಳಿದು, ಗೆರೆ ದಾಟಿ, ನಿಧಾನವಾಗಿ ಅಂಗಳಕ್ಕೆ ಬಂತು. ಅದಕ್ಕೆ ವಿನಾಯಿತಿಯಿತ್ತು, ಹಗಲಿನ ಯಾವ ಹೊತ್ತಿಗಾದರೂ ಬರಬಹುದಿತ್ತು. ಇಬ್ಬರು ಆಳುಗಳು ಮಡಚುವ ಕುರ್ಚಿಯೊಂದಿಗೆ ಮೇಲೆ ಬಂದರು. ತಂಗಿ ರಜೆ ಹಾಕಿ ಬಂದಿದ್ದಳು. ಪಟ್ಟಿ ಬಿಗಿಯುವುದನ್ನು ಅವರಿಗೆ ಬಿಡಲಿಲ್ಲ. "ಒಂದು, ಎರಡು, ಹೂಂ."

ಸಾಮಾನು ಎಂದರೆ ಎರಡು ಚೀಲ. ಹೊಲಿಗೆ ಯಂತ್ರವನ್ನು ಕೇಂದ್ರದವರು ಬೇಡವೆಂದಿದ್ದರು. ಕತ್ತರಿಯನ್ನೂ ಬೇಡವೆಂದಿದ್ದರು. ಮನೆ ಖಾಲಿ ಮಾಡಿ ಕೀಲಿ ಒಪ್ಪಿಸುವ ಕೆಲಸ ಗೆರೆಯವನ ಪಾಲಿಗೆ ಬಂದಿತ್ತು. ಅದನ್ನು ಅವನೇ ಕೇಳಿ ಪಡೆದಿದ್ದ, ಯಾರೂ ಬೇಡವೆನ್ನಲಿಲ್ಲ.

"ನಾನೂ ಕೆಳಗಿನ ತನಕ ಬರ್ತೀನಿ, ಅಣ್ಣ. ಒಂದು ಕಡೆ ಹಿಡ್ಕೊತೀನಿ."

"ಬೇಡ. ನಿನ್ನ ಬೆನ್ನು ನಂಗೆ ಗೊತ್ತು," ಎಂದ ಅಣ್ಣ. ಅವನ ಮುಖದಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಅಳತೆ ತೆಗೆದುಕೊಂಡಾದ ಮೇಲೆ ಗಿರಾಕಿಯನ್ನು ನೋಡುವ ನೋಟ ಅದು. "ಭಾನುವಾರ ಬರ್ತೀಯಾ?"

"ಬರ್ತೀನಿ."

"ಬಾ. ಅಲ್ಲಿಗೆ ಟಿಕೆಟ್ ಇಲ್ಲ." ನಗಲು ಹೋಗಿ ಕೆಮ್ಮಿದ. "ಕಿಟಕಿ ಹಾಕ್ಬಿಡು. ಧೂಳು ಬರುತ್ತೆ."

ಧೂಳು ಬರುವುದು ನಿಂತು ತಿಂಗಳುಗಳಾಗಿದ್ದವು. ಆದರೂ ಗೆರೆಯವನು ಕಿಟಕಿಗೆ ಹೋದ. ಹಿಂದೆ ಆಳುಗಳು ಕುರ್ಚಿಯನ್ನು ಓರೆಮಾಡುವ ಸದ್ದು, ತಂಗಿಯ "ಹುಷಾರು, ಎಡಕ್ಕೆ, ಎಡಕ್ಕೆ" ಎನ್ನುವ ದನಿ. ಕಿಟಕಿಯ ರೆಕ್ಕೆಯನ್ನು ಎಳೆದುಕೊಳ್ಳಲು ಬಗ್ಗಿದಾಗ ಕೆಳಗಿನದೆಲ್ಲ ಅವನಿಗೆ ಒಂದೇ ನೋಟಕ್ಕೆ ಕಂಡಿತು: ಬಲಕ್ಕೆ ಕಬ್ಬಿಣದ ಮುಚ್ಚಳ, ನಡುವೆ ಗೇಟು, ಎಡಕ್ಕೆ ಗೆರೆ. ಈ ಎತ್ತರದಿಂದ ಅದನ್ನು ಅವನು ಎಂದೂ ನೋಡಿರಲಿಲ್ಲ. ಎಲ್ಲಾದರೂ ಒಂದು ಓರೆ, ಒಂದು ಸೊಟ್ಟ, ಒಂದು ಬಿರುಕು ಇದ್ದೀತೇ ಎಂದು ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. ಕೂದಲೆಳೆಯಷ್ಟೂ ಇರಲಿಲ್ಲ.

"ತಂಗೀ," ಎಂದ, ತಿರುಗದೆ.

ಅವಳು ಹೊರಗೆ ನಿಂತು ಬಾಗಿಲನ್ನು ಒಮ್ಮೆ ಎಳೆದಳು. ಅದು ಚೌಕಟ್ಟಿಗೆ ಬಡಿದು ಸರಿದು ನಿಂತಿತು. ಮೆಟ್ಟಿಲ ಮೇಲೆ ಅಣ್ಣನ ಕುರ್ಚಿ ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳುತ್ತಿತ್ತು. ಅವಳು ಮತ್ತೊಮ್ಮೆ, ಮೈಯ ಭಾರವನ್ನೆಲ್ಲ ಹಾಕಿ ಎಳೆದಳು, ಬಾಗಿಲು ಮುಚ್ಚಿಕೊಂಡಿತು.